ಹಳೆಯ ಆಟಕ್ಕೆ ಹೊಸ ವೇಷ

ಹೊಸ ನೀರು ಬಂದು ಹಳೆಯ ನೀರನ್ನು ಕೊಚ್ಚಿಕೊಂಡು ಹೋಯಿತೆಂದು ಹಿರಿಯರು ಹೇಳುವುದುಂಟು. ಹೊಳೆಗೆ ಅದು ಸಹಜ. ಆದರೆ ಹಣ ಕೊಟ್ಟು ಕೊಂಡು, ವರ್ಷಗಟ್ಟಲೆ ಆಡಿ, ತನ್ನದೆಂದು ಭಾವಿಸಿದ ಆಟಕ್ಕೂ ಅದೇ ಗತಿ ಬರಬೇಕೆ?

ವೀಡಿಯೋ ಆಟವೆಂದೊಡನೆ ಕೆಲವರು ಮೂಗು ಮುರಿಯಬಹುದು. ಕಾಲಹರಣದ ವಿಷಯಕ್ಕೆ ವಾರ್ಷಿಕ ಸಂಚಿಕೆಯಲ್ಲಿ ಪುಟವೇಕೆ ಎನ್ನಬಹುದು. ಪರೀಕ್ಷೆಯ ಹಿಂದಿನ ರಾತ್ರಿ ಆಡಿ ಕೆಟ್ಟವರಲ್ಲಿ ನಾನೂ ಒಬ್ಬನಾದ್ದರಿಂದ ಆ ಮಾತಿಗೆ ಎದುರಾಡುವುದಿಲ್ಲ. ಇಲ್ಲಿನ ಪ್ರಶ್ನೆ ಬೇರೆ. ಅದು ನ್ಯಾಯದ ಪ್ರಶ್ನೆ.

೨೦೦೨ರಲ್ಲಿ ಹೊರಬಂದ ‘ವಾರ್‌ಕ್ರಾಫ್ಟ್ ೩’ ಆಟವನ್ನು ನಾನು ಕಲಿತದ್ದು ಅಣ್ಣನ ಹಳೆಯ ಕಂಪ್ಯೂಟರಿನಲ್ಲಿ. ನೆಲೆ ಕಟ್ಟಿ, ಸೈನ್ಯ ಕೂಡಿಸಿ ಕಾದುವ ಆಟ ಅದು. ಆಡುವವರೇ ಹೊಸ ರಣರಂಗಗಳನ್ನು ರಚಿಸಿಕೊಳ್ಳಲು ಬೇಕಾದ ಸಾಧನವೂ ಅದರೊಡನೆ ಬರುತ್ತಿತ್ತು. ಮುಂದೆ ಲೋಕಪ್ರಸಿದ್ಧವಾದ ‘ಡೋಟಾ’ ಹುಟ್ಟಿದ್ದು ಹಾಗೆ, ಅಭಿಮಾನಿಗಳ ಕೈಯಲ್ಲಿ. ಅಂದಮೇಲೆ ಆ ಆಟವನ್ನು ಬೆಳೆಸಿದವರಲ್ಲಿ ಆಟಗಾರರೂ ಸೇರಿದ್ದರು.

ಅದಕ್ಕೆ ಹೊಸ ರೂಪ ಕೊಡುವುದಾಗಿ ತಯಾರಕರು ೨೦೧೮ರಲ್ಲಿ ಸಾರಿದರು. ೨೦೨೦ರ ಜನವರಿಯಲ್ಲಿ ‘ರಿಫೋರ್ಜ್ಡ್’ ಎಂಬ ಹೆಸರಿನಿಂದ ಅದು ಬಂದಿತು. ಮೊದಲು ತೋರಿಸಿದ್ದ ಕಥಾದೃಶ್ಯಗಳ ಸೊಬಗು ಅದರಲ್ಲಿರಲಿಲ್ಲ. ಶ್ರೇಯಾಂಕದ ಪಂದ್ಯಗಳಿರಲಿಲ್ಲ, ಆಟಗಾರರ ಬಳಗಗಳಿರಲಿಲ್ಲ. ಇಷ್ಟೇ ಆಗಿದ್ದರೆ ಹೊಸದನ್ನು ಬಿಟ್ಟು ಹಳೆಯದನ್ನೇ ಆಡಬಹುದಿತ್ತು. ಆದರೆ ಅಂತರ್ಜಾಲದಲ್ಲಿ ಇತರರೊಡನೆ ಆಡಬೇಕಾದರೆ ಹಳೆಯ ಪ್ರತಿಯುಳ್ಳವರೂ ಹೊಸ ತಂತ್ರಾಂಶವನ್ನೇ ಹಾಕಿಕೊಳ್ಳಬೇಕಾಯಿತು. ಹೊಸದನ್ನು ಕೊಳ್ಳದವರೂ ಇದ್ದುದನ್ನು ಕಳೆದುಕೊಂಡರು. ಸುಣ್ಣ ಬಳಿಯಲು ಬಂದವರು ಅಟ್ಟವನ್ನೇ ಕೆಡವಿದಂತಾಯಿತು! ತಯಾರಕರು ಹಣ ಹಿಂತಿರುಗಿಸಲು ಒಪ್ಪಿದರು, ನಿಜ; ಶ್ರೇಯಾಂಕದ ಪಂದ್ಯಗಳೂ ೨೦೨೨ರಲ್ಲಿ ಮರಳಿದವು. ಹಣ ಹಿಂತಿರುಗಬಹುದು, ಚದುರಿದ ಗೆಳೆಯರ ಕೂಟ ಹಿಂತಿರುಗುವುದೆ?

ಹಾಗಾದರೆ ಹಳೆಯ ಆಟಗಾರರು ಬದಲಾವಣೆಯ ಶತ್ರುಗಳೆ? ಖಂಡಿತ ಅಲ್ಲ. ೧೯೯೯ರ ‘ಏಜ್ ಆಫ್ ಎಂಪೈರ್ಸ್ ೨’ ಆಟವು ಹೊಸ ಚಿತ್ರಗಳೊಡನೆ, ಹೊಸ ಜನಾಂಗಗಳೊಡನೆ ೨೦೧೯ರಲ್ಲಿ ಮರುಹುಟ್ಟು ಪಡೆದಾಗ ಹಳಬರೇ ಅದನ್ನು ಮೆಚ್ಚಿ ಸ್ವಾಗತಿಸಿದರು. ಅಲ್ಲಿ ಬಣ್ಣ ಬದಲಾಯಿತು, ಬುನಾದಿ ಅಲುಗಲಿಲ್ಲ.

ಹೊಸದನ್ನು ಕೊಡಲಿ, ಬೇಡವೆನ್ನುವವರಾರು? ಆದರೆ ಹಳೆಯದನ್ನು ಇಟ್ಟುಕೊಳ್ಳುವ ಹಕ್ಕು ಅದನ್ನು ಕೊಂಡವನದು. ಪುಸ್ತಕದ ಎರಡನೆಯ ಮುದ್ರಣ ಬಂದಿತೆಂದು ಪ್ರಕಾಶಕರು ನಮ್ಮ ಕಪಾಟಿನಲ್ಲಿರುವ ಮೊದಲನೆಯ ಮುದ್ರಣವನ್ನು ಹೊತ್ತುಕೊಂಡು ಹೋಗುವುದಿಲ್ಲವಷ್ಟೆ!