ಹುಟ್ಟುಗುಣ, ಜೇನುಗೂಡು ಮತ್ತು ಒಂದು ಮೊಟ್ಟೆ

ಹೋದ ವಾರ ನಮ್ಮ ಸ್ಟಾಫ್ ರೂಮಿನಲ್ಲಿ ನಡೆದ ಮಾತು ಇದು. ಮೇಜಿನ ಮೇಲೆ ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿ ಇತ್ತು, ಟೀ ಬಂದಿತ್ತು. ನನಗಿಂತ ಸೀನಿಯರ್ ಮೇಷ್ಟ್ರೊಬ್ಬರು ಪಟ್ಟಿ ನೋಡ್ತಾ ನೋಡ್ತಾ, ಬಹಳ ಮೆತ್ತಗೆ ಹೇಳಿದ್ರು: "ಬೇಜಾರ್ ಮಾಡ್ಕೋಬೇಡಿ ಸಾರ್. ನಿಮ್ಮ ಹುಡುಗ್ರಿಗೆ ಸರ್ಕಾರ ಸೀಟು ಕೊಡಬಹುದು, ಸ್ಕಾಲರ್‌ಶಿಪ್ ಕೊಡಬಹುದು. ಜೀನ್ಸ್ ಕೊಡಕ್ಕಾಗುತ್ತಾ? ನೀವೇ ಬಯಾಲಜಿ ಮೇಷ್ಟ್ರು, ನೀವೇ ಹೇಳಿ."

ನಾನು ಹೇಳಲಿಲ್ಲ. ಬೆಲ್ ಹೊಡೀತು, ಚಾಕ್‌ಪೀಸ್ ತಗೊಂಡು ಎದ್ದು ಹೋದೆ. 22 ವರ್ಷದಿಂದ ಪಾಠ ಮಾಡ್ತಿರೋ ವಿಷಯದ ಮೇಲೇ ನನ್ನನ್ನ ಕೇಳಿದ್ರು, ನನ್ನ ಬಾಯಿಂದ ಒಂದು ಮಾತು ಬರಲಿಲ್ಲ. ಆ ಮಾತಿಗಿಂತ ನನ್ನ ಮೌನವೇ ನನಗೆ ಹೆಚ್ಚು ಚುಚ್ಚಿದೆ. ಅದಕ್ಕೇ ಇಲ್ಲಿ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

ಗೆಳೆಯರೇ, ಈ ಮಾತು ಹೊಸದಲ್ಲ, ಅಂಗಿ ಬದಲಾಯಿಸಿಕೊಂಡು ಬಂದಿದೆ ಅಷ್ಟೆ. ನಮ್ಮ ತಾತನಿಗೆ "ಹಿಂದಿನ ಜನ್ಮದ ಪಾಪ" ಅಂದ್ರು. ನಮ್ಮಪ್ಪನಿಗೆ "ಹುಟ್ಟುಗುಣ ಸುಟ್ಟರೂ ಹೋಗದು" ಅಂದ್ರು. ನನಗೆ "ಜೀನ್ಸ್" ಅಂತಿದ್ದಾರೆ. ಪಾಪ-ಪುಣ್ಯಕ್ಕೆ ಸಾಕ್ಷಿ ಕೇಳೋ ಹಾಗಿರಲಿಲ್ಲ. ಜೀನಿಗೆ ಸಾಕ್ಷಿ ಕೇಳಬಹುದು. ಕೇಳೋಣ.

ಮೊದಲು ಬಟಾಣಿಯಿಂದ ಶುರು ಮಾಡೋಣ, ಪಠ್ಯಪುಸ್ತಕ ಶುರು ಮಾಡೋದೂ ಅಲ್ಲಿಂದಲೇ. ಗ್ರೆಗರ್ ಮೆಂಡೆಲ್ ಅನ್ನೋ ಪಾದ್ರಿ ತನ್ನ ಮಠದ ತೋಟದಲ್ಲಿ ಬಟಾಣಿ ಬೆಳೆದು, 1866ರಲ್ಲಿ ಪ್ರಬಂಧ ಪ್ರಕಟಿಸಿದ. ಉದ್ದ ಗಿಡಕ್ಕೂ ಕುಳ್ಳ ಗಿಡಕ್ಕೂ ಅಡ್ಡಹಾಯಿಸಿದ್ರೆ ಮೊದಲ ಪೀಳಿಗೆ ಎಲ್ಲಾ ಉದ್ದ. ಅವನ್ನ ತಮ್ಮಲ್ಲೇ ಬೆಳೆಸಿದ್ರೆ ಮುಂದಿನ ಪೀಳಿಗೆಯಲ್ಲಿ ನಾಲ್ಕಕ್ಕೆ ಒಂದು ಮತ್ತೆ ಕುಳ್ಳ. ಕಾಣೆಯಾಗಿದ್ದ ಗುಣ ನಾಶ ಆಗಿರಲಿಲ್ಲ, ಅಡಗಿತ್ತು. ನಮ್ಮ ಸೀನಿಯರ್ ಮೇಷ್ಟ್ರ ತಲೆಯಲ್ಲಿರೋದು ಈ ಬಟಾಣಿಯೇ: ಒಂದು ಜೀನ್, ಒಂದು ಗುಣ. ಬುದ್ಧಿಗೊಂದು ಜೀನ್, ದಡ್ಡತನಕ್ಕೊಂದು ಜೀನ್.

ಆದ್ರೆ ಮನುಷ್ಯ ಬಟಾಣಿ ಅಲ್ಲ. ಅಳತೆಪಟ್ಟಿ ಹಿಡಿದು ಅಳೆಯಬಹುದಾದ ನಮ್ಮ ಎತ್ತರವನ್ನೇ ತಗೊಳ್ಳಿ. 2022ರಲ್ಲಿ 50 ಲಕ್ಷಕ್ಕೂ ಹೆಚ್ಚು ಜನರ ಡಿಎನ್‌ಎ ಜಾಲಾಡಿದಾಗ, ಎತ್ತರದ ಜೊತೆ ನಂಟಿರೋ 12,000ಕ್ಕೂ ಹೆಚ್ಚು ವ್ಯತ್ಯಾಸಗಳು ಸಿಕ್ಕವು. ಬರೀ ಎತ್ತರಕ್ಕೇ ಇಷ್ಟು. ಇನ್ನು ಗಣಿತದ ಪೇಪರಿನಲ್ಲಿ ಬಂದ ಮಾರ್ಕ್ಸಿಗೆ ಯಾವ ಜಾತಿಯ ಯಾವ ಜೀನು ಕಾರಣ ಅಂತ ತೋರಿಸೋರು ಯಾರು?

"ಎತ್ತರ ವಂಶದಿಂದ ಬರೋದು ನಿಜ ತಾನೇ?" ಅಂತೀರಿ. ನಿಜ. ಇಲ್ಲೇ ದೊಡ್ಡ ಮೋಸ ಇರೋದು. ಅದನ್ನ ರಾಗಿ ಹೊಲದಲ್ಲಿ ಹೇಳ್ತೀನಿ.

ನಮ್ಮಪ್ಪ ಊರಿನ ದೊಡ್ಡ ಕುಳದವರ ಹೊಲದಲ್ಲಿ ಜೀತದಾಳಿನ ಹಾಗೆ ದುಡಿದೋರು. ನಮಗೂ ಅಂತ ಇದ್ದದ್ದು ಊರಾಚೆ ಕಲ್ಲುಭೂಮಿ, ಮುಕ್ಕಾಲು ಎಕರೆ. ಬಿತ್ತನೆ ರಾಗಿಯನ್ನ ಅಪ್ಪ ಅದೇ ಧಣಿಗಳ ಕಣಜದಿಂದ ಸಾಲವಾಗಿ ತರ್ತಿದ್ರು. ಒಂದೇ ಚೀಲ, ಒಂದೇ ತಳಿ. ಅವರ ಕೆರೆ ಕೆಳಗಿನ ಹೊಲದಲ್ಲಿ ತೆನೆ ತೂಗ್ತಿತ್ತು, ನಮ್ಮ ಹೊಲದಲ್ಲಿ ಪೈರು ಮೊಣಕಾಲು ದಾಟ್ತಿರಲಿಲ್ಲ. ಅವರ ಹೊಲದೊಳಗೇ ಒಂದು ಪೈರು ಉದ್ದ, ಇನ್ನೊಂದು ಗಿಡ್ಡ ಇದ್ರೆ, ಮಣ್ಣು ನೀರು ಒಂದೇ ಆದ್ದರಿಂದ, ಆ ವ್ಯತ್ಯಾಸ ಬೀಜದ್ದು ಅನ್ನಬಹುದು. ಆದ್ರೆ ಅವರ ಹೊಲಕ್ಕೂ ನಮ್ಮ ಹೊಲಕ್ಕೂ ಇದ್ದ ವ್ಯತ್ಯಾಸ ಬೀಜದ್ದಲ್ಲ, ನೀರಿನದು, ಗೊಬ್ಬರದ್ದು, ಭೂಮಿ ಹಂಚಿದ ಕೈಯದು. ಹೊಲದೊಳಗಿನ ಲೆಕ್ಕ ತಗೊಂಡು ಎರಡು ಹೊಲಗಳ ನಡುವಿನ ತೀರ್ಪು ಕೊಡೋದು ತಪ್ಪು. ಊರಿಗೂ ಕೇರಿಗೂ ನಡುವೆ ತೀರ್ಪು ಕೊಡೋರೆಲ್ಲ ಮಾಡ್ತಿರೋದು ಇದೇ ತಪ್ಪನ್ನ.

ರಾಗಿ ವಿಷಯ ಬಂತು, ಇನ್ನೊಂದು ಮಾತು. ಅಚ್ಚ ಕನ್ನಡದ ಊಟ ಅಂತ ನಾವು ಎದೆ ತಟ್ಟಿಕೊಳ್ಳೋ ರಾಗಿಯ ಮೂಲ ಪೂರ್ವ ಆಫ್ರಿಕಾದ ಎತ್ತರದ ನಾಡು. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಇಲ್ಲಿನ ರಾಗಿಗೂ ಆಫ್ರಿಕಾದ ರಾಗಿಗೂ ಬೆರಕೆ ಮಾಡಿ 'ಇಂಡಾಫ್' ತಳಿಗಳನ್ನ ಕೊಟ್ಟರು. ಇಂಡಿಯಾ, ಆಫ್ರಿಕಾ ಎರಡೂ ಸೇರಿ ಇಂಡಾಫ್. ರಾಗಿ ಹೂವು ಎಷ್ಟು ಸಣ್ಣದು ಅಂತ ನೋಡಿರೋರಿಗೆ ಗೊತ್ತು ಆ ಕೆಲಸ ಎಷ್ಟು ಕಷ್ಟದ್ದು ಅಂತ. ಬೆರಕೆಯಿಂದ ಇಳುವರಿ ಹೆಚ್ಚಿತು, ಬಡವನ ಮುದ್ದೆ ದೊಡ್ಡದಾಯಿತು. ರಾಗಿ 'ಶುದ್ಧ'ವಾಗಿ ಉಳೀಬೇಕು ಅಂತ ಯಾರಾದ್ರೂ ಹಟ ಹಿಡಿದಿದ್ರೆ ನಾವು ಹಸಿದೇ ಇರ್ತಿದ್ವಿ.

ಈಗ ಜೇನುಗೂಡಿಗೆ ಬನ್ನಿ. ರಾಣಿ ಜೇನಿಗೂ ಕೆಲಸಗಾರ ಜೇನಿಗೂ ಎಷ್ಟು ವ್ಯತ್ಯಾಸ! ರಾಣಿ ದೊಡ್ಡದು, ವರ್ಷಗಟ್ಟಲೆ ಬದುಕುತ್ತೆ, ಮೊಟ್ಟೆ ಇಡುತ್ತೆ. ಕೆಲಸಗಾರ ಜೇನು ಸುಗ್ಗಿಯಲ್ಲಿ ದುಡಿದು ದುಡಿದು ಕೆಲವೇ ವಾರದಲ್ಲಿ ಸಾಯುತ್ತೆ. ಇಂಗ್ಲಿಷ್ ಪುಸ್ತಕಗಳಲ್ಲಿ ಈ ಭೇದಕ್ಕೆ 'ಕ್ಯಾಸ್ಟ್' ಅಂತಲೇ ಹೆಸರು. ಜಾತಿ! ಆದ್ರೆ ಆ ಪುಸ್ತಕಗಳೇ ಹೇಳೋ ಸತ್ಯ ಕೇಳಿ: ರಾಣಿ ಆಗೋ ಮೊಟ್ಟೆಗೂ ಕೆಲಸಗಾರ ಆಗೋ ಮೊಟ್ಟೆಗೂ ವ್ಯತ್ಯಾಸ ಇಲ್ಲ. ಒಂದೇ ತಾಯಿ, ಯಾವ ಮೊಟ್ಟೆ ಬೇಕಾದ್ರೂ ರಾಣಿ ಆಗಬಹುದು. ಮೊದಲ ಮೂರು ದಿನದಷ್ಟು ಎಲ್ಲ ಮರಿಹುಳುಗಳಿಗೂ ರಾಜರಸ ಸಿಗುತ್ತೆ. ಆಮೇಲೆ ಹೆಚ್ಚಿನವಕ್ಕೆ ಅದು ನಿಂತು, ಜೇನು ಮತ್ತು ಪರಾಗ ಕಲಸಿದ ಊಟ. ಒಂದಕ್ಕೆ ಮಾತ್ರ ಕೊನೆವರೆಗೂ ರಾಜರಸ, ದೊಡ್ಡ ಕೋಣೆ. ಅದೇ ರಾಣಿ.

ಹಾಗಾದ್ರೆ ಜೀನ್ ಏನ್ ಮಾಡ್ತಿತ್ತು? ಜೀನ್ ಅನ್ನೋದು ಹಣೆಬರಹ ಅಲ್ಲ, ಅಡುಗೆ ಪುಸ್ತಕ ಇದ್ದ ಹಾಗೆ. ಯಾವ ಪುಟ ತೆರೀಬೇಕು, ಯಾವುದು ಮುಚ್ಚಿರಬೇಕು ಅಂತ ತೀರ್ಮಾನ ಮಾಡೋ ವ್ಯವಸ್ಥೆ ಬೇರೆ ಇದೆ. ನಮ್ಮ ಕಣ್ಣಿನ ಜೀವಕೋಶದಲ್ಲೂ ಯಕೃತ್ತಿನ ಜೀವಕೋಶದಲ್ಲೂ ಇರೋದು ಅದೇ ಡಿಎನ್‌ಎ, ತೆರೆದಿರೋ ಪುಟ ಮಾತ್ರ ಬೇರೆ. ನಮ್ಮ ಕರುಳಿನಲ್ಲಿರೋ ಇ. ಕೋಲೈ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆ ಸಿಕ್ಕಾಗ ಮಾತ್ರ ಅದನ್ನ ಜೀರ್ಣಿಸೋ ಜೀನ್‌ಗಳನ್ನ ಚಾಲೂ ಮಾಡುತ್ತೆ, ಇಲ್ಲದಿದ್ರೆ ಬಂದ್. ಇದರ ಗುಟ್ಟನ್ನ 1961ರಲ್ಲಿ ಬಿಡಿಸಿ ಹೇಳಿದ ಫ್ರಾನ್ಸಿನ ಜಾಕೋಬ್ ಮತ್ತು ಮೊನೋ ಅವರಿಗೆ 1965ರಲ್ಲಿ ನೊಬೆಲ್ ಬಂತು. ಜೇನಿನಲ್ಲೂ ಅಷ್ಟೆ. 2008ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು, ಡಿಎನ್‌ಎ ಮೇಲೆ ರಾಸಾಯನಿಕ ಗುರುತು ಹಚ್ಚೋ ಒಂದು ಜೀನನ್ನ ಮರಿಹುಳುಗಳಲ್ಲಿ ಸುಮ್ಮನಾಗಿಸಿದ್ರು. ಕೆಲಸಗಾರರಾಗಬೇಕಿದ್ದ ಹುಳುಗಳಲ್ಲಿ ಹೆಚ್ಚಿನವು ರಾಣಿಯ ಲಕ್ಷಣಗಳೊಂದಿಗೆ ಹೊರಬಂದವು.

ಮನುಷ್ಯ ಜೇನುಹುಳ ಅಲ್ಲ, ಗೊತ್ತು. ಮೊಟ್ಟೆ ತಿಂದ ಮಗು ರಾಜ ಆಗಲ್ಲ. ಆದ್ರೆ ಮಗು ಪೂರ್ತಿ ಬೆಳೆಯುತ್ತೆ. ಇದಕ್ಕೂ ಲೆಕ್ಕ ಇದೆ. ವಿಶ್ವ ಆರೋಗ್ಯ ಸಂಸ್ಥೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಈ 6 ದೇಶಗಳ ಸುಮಾರು 8,500 ಮಕ್ಕಳನ್ನ ಅಳೆಯಿತು. ಊಟ, ಆರೋಗ್ಯ, ತಾಯಿಹಾಲು ಸರಿಯಾಗಿ ಸಿಗೋ ಮನೆಗಳ ಮಕ್ಕಳು. 5 ವರ್ಷದೊಳಗೆ ಆ ಮಕ್ಕಳೆಲ್ಲ ಹೆಚ್ಚೂಕಮ್ಮಿ ಒಂದೇ ಥರ ಬೆಳೆದರು. ಎತ್ತರದಲ್ಲಿ ಕಂಡ ವ್ಯತ್ಯಾಸದಲ್ಲಿ ದೇಶ ದೇಶದ ನಡುವಿನ ಪಾಲು ಸುಮಾರು ಶೇ. 3 ಮಾತ್ರ. 2006ರಲ್ಲಿ ಬಂದ ಬೆಳವಣಿಗೆ ಚಾರ್ಟು ಇದರ ಮೇಲೇ ನಿಂತಿದೆ, ಅಂಗನವಾಡಿಯಲ್ಲಿ ಇವತ್ತು ಮಗು ತೂಗಿ ನೋಡೋದು ಅದರಲ್ಲೇ. ಈಗ ನಮ್ಮ ರಾಜ್ಯ ನೋಡಿ: ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 5ನೇ ಸುತ್ತಿನಲ್ಲಿ ಕರ್ನಾಟಕದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಮೂರಕ್ಕೊಂದು ಮಗು. ಇದು ಜೀನಾ? ತಟ್ಟೆಯಾ?

2022ರಲ್ಲಿ ನೆನಪಿದೆಯಾ? ಹೊಸ ಶಿಕ್ಷಣ ನೀತಿಗೆ ನಮ್ಮ ರಾಜ್ಯದಿಂದ ಹೋದ ನಿಲುವು ಪತ್ರವೊಂದರಲ್ಲಿ, ಭಾರತೀಯರದು ಸಣ್ಣ ಮೈಕಟ್ಟು, ಮೊಟ್ಟೆ ಮಾಂಸ ಪದೇ ಪದೇ ತಿಂದ್ರೆ ರೋಗ ಬರುತ್ತೆ ಅನ್ನೋ ಅರ್ಥದ ಮಾತಿತ್ತು. ಮೊಟ್ಟೆ ಸಿಗದೆ ಮೈ ಸಣ್ಣದಾಯಿತು, ಮೈ ಸಣ್ಣದು ಅಂತ ಮೊಟ್ಟೆ ಬೇಡ! ನಮ್ಮ ಕಲ್ಲುಹೊಲದ ಪೈರು ತೋರಿಸಿ "ಈ ತಳಿ ಗಿಡ್ಡ, ಇದಕ್ಕೆ ನೀರು ಬೇಡ" ಅಂದ ಹಾಗೆ. ಗೆಳೆಯರು ಬೀದಿಗಿಳಿದರು, ಮಕ್ಕಳೇ ಮಾತಾಡಿದರು, 2024ರಲ್ಲಿ ವಾರಕ್ಕೆ 6 ದಿನ ಮೊಟ್ಟೆ ಅನ್ನೋವರೆಗೆ ಬಂತು. ಬೇಡ ಅನ್ನೋ ಮಕ್ಕಳಿಗೆ ಬಾಳೆಹಣ್ಣು ಇದೆ, ಯಾರ ಬಾಯಿಗೂ ತುರುಕಲ್ಲ. ಆದ್ರೂ ಈ ಒಂದು ಮೊಟ್ಟೆ ಬಗ್ಗೆ ಕೆಲವರಿಗೆ ಇನ್ನೂ ನಿದ್ದೆ ಬರಲ್ಲ.

ಈಗ 'ರಕ್ತ ಶುದ್ಧಿ'ಯ ವಿಷಯ. 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 25 ವರ್ಷದ ಬಾಬಾಸಾಹೇಬರು ಒಂದು ಪ್ರಬಂಧ ಓದಿದರು. ಜಾತಿಯ ಜೀವ ಇರೋದು ಒಳಮದುವೆಯಲ್ಲಿ, ಅದೊಂದೇ ಅದರ ತಿರುಳು ಅಂದರು. ಅವರ ಹತ್ತಿರ ಡಿಎನ್‌ಎ ಯಂತ್ರ ಇರಲಿಲ್ಲ. 97 ವರ್ಷ ಆದ ಮೇಲೆ, 2013ರಲ್ಲಿ, ಹಾರ್ವರ್ಡ್ ಮತ್ತು ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು 73 ಸಮುದಾಯಗಳ 571 ಜನರ ಡಿಎನ್‌ಎ ನೋಡಿದರು. ಸುಮಾರು 4,200ರಿಂದ 1,900 ವರ್ಷಗಳ ಹಿಂದೆ ಈ ನೆಲದಲ್ಲಿ ಜನ ಎಲ್ಲರ ಜೊತೆ ಎಲ್ಲರೂ ಬೆರೆತಿದ್ದಾರೆ. ಆ ಬೆರಕೆ ಇವತ್ತು ಹೆಚ್ಚೂಕಮ್ಮಿ ಎಲ್ಲ ಜಾತಿ, ಬುಡಕಟ್ಟುಗಳ ಮೈಯಲ್ಲೂ ಇದೆ. ಆಮೇಲೆ ಬಾಗಿಲು ಹಾಕಿಕೊಂಡಿದ್ದಾರೆ. ಅಂದ್ರೆ ಜಾತಿ ಶುದ್ಧವಾಗಿ ಹುಟ್ಟಲಿಲ್ಲ. ಬೆರೆತ ಜನಕ್ಕೆ ಬೇಲಿ ಹಾಕಿದ್ದೇ ಜಾತಿ.

ಆ ಬೇಲಿಗೆ ಬೆಲೆ ತೆತ್ತಿದ್ದಾರೆ, ಮೇಲಿನವರೂ ತೆತ್ತಿದ್ದಾರೆ. ಒಳಗೊಳಗೇ ಮದುವೆ ಆಗ್ತಾ ಹೋದ್ರೆ ಮೆಂಡೆಲ್ಲನ ಆ ಅಡಗಿರೋ ಗುಣ, ಅಪ್ಪನಿಂದೊಂದು ಅಮ್ಮನಿಂದೊಂದು, ಜೋಡಿಯಾಗಿ ಬಂದು ಕೂರುತ್ತೆ. 2017ರ ಅಧ್ಯಯನವೊಂದು ದಕ್ಷಿಣ ಏಷ್ಯಾದ 263 ಗುಂಪುಗಳನ್ನ ನೋಡಿ, 81ರಲ್ಲಿ ಇಂಥ ಅಪಾಯ ಬಹಳ ಹೆಚ್ಚು ಅಂದಿತು. ವೈಶ್ಯ ಸಮುದಾಯವೊಂದರಲ್ಲಿ ಆಪರೇಷನ್ ವೇಳೆ ಕೊಡೋ ಒಂದು ಔಷಧಿಯನ್ನ ಕರಗಿಸೋ ಕಿಣ್ವದ ಕೊರತೆ ಹೆಚ್ಚಾಗಿ ಕಾಣೋದು ವೈದ್ಯರಿಗೆ ಗೊತ್ತಿರೋ ಸಂಗತಿ. ಇದನ್ನ ಯಾರನ್ನೂ ಆಡಿಕೊಳ್ಳೋಕೆ ಬರೀತಿಲ್ಲ. ನಮ್ಮಲ್ಲೂ ಸೋದರಮಾವನಿಗೆ, ಅತ್ತೆ ಮಗನಿಗೆ ಹುಡುಗಿ ಕೊಡೋದು ನಿಂತಿಲ್ಲ. ಎಡಗೈ ಬಲಗೈ ನಡುವೆ ಇವತ್ತಿಗೂ ಹೆಣ್ಣು ಕೊಟ್ಟು ತರಲ್ಲ. ವೇದಿಕೆ ಮೇಲೆ ಅಂತರ್ಜಾತಿ ಮದುವೆ ಬಗ್ಗೆ ಭಾಷಣ ಮಾಡಿ, ಮನೆಗೆ ಬಂದು ಒಳಪಂಗಡದ ಸಂಬಂಧ ಹುಡುಕೋ ನಮ್ಮವರಿಗೂ ಈ ಮಾತು ಸೇರುತ್ತೆ. ನಾನೂ ಅದರೊಳಗೇ ಮದುವೆ ಆದವನು.

ಕೊನೇದಾಗಿ, ನಮ್ಮ ಹುಡುಗರಿಗೆ ಎರಡು ಮಾತು. ಕಹಿ ಅನ್ನಿಸಬಹುದು.

ಒಂದು: "ನಾವೇ ಮೂಲನಿವಾಸಿಗಳು, ಡಿಎನ್‌ಎ ಪ್ರೂವ್ ಮಾಡಿದೆ" ಅಂತ ಪೋಸ್ಟ್ ಹಾಕ್ತೀರಿ. ರಕ್ತದ ಮೇಲೆ ಹಕ್ಕು ಕಟ್ಟೋ ಆಟ ಅವರದು, ಅದೇ ಆಟ ನಾವ್ಯಾಕೆ ಆಡಬೇಕು? ಆರ್ಯರ ದಂಡಯಾತ್ರೆಯ ಸಿದ್ಧಾಂತವನ್ನ ಬಾಬಾಸಾಹೇಬರು 1946ರಲ್ಲೇ ತಿರಸ್ಕರಿಸಿದ್ರು. ಬ್ರಿಟಿಷ್ ಕಾಲದಲ್ಲಿ ಮೂಗು ಅಳೆದು ಜಾತಿ ಶ್ರೇಣಿ ಮಾಡಿದ್ದರಲ್ಲ, 1948ರ ಪುಸ್ತಕದಲ್ಲಿ ಅಂಥ ಮೂಗಿನ ಅಳತೆಗಳನ್ನೇ ಹಿಡಿದು, ಬ್ರಾಹ್ಮಣರೂ ಅಸ್ಪೃಶ್ಯರೂ ಬೇರೆ ಬೇರೆ ಜನಾಂಗ ಅಲ್ಲ ಅಂತ ವಾದ ಮಾಡಿದ್ರು. ನಾಳೆ ಇನ್ನೊಂದು ಅಧ್ಯಯನ ಬಂದು ಬೇರೆ ಏನೋ ಹೇಳಿದ್ರೆ ನಮ್ಮ ಹಕ್ಕು ಹೋಗಿಬಿಡುತ್ತಾ? ನಾವು ಮನುಷ್ಯರು, ಅಷ್ಟು ಸಾಕು.

ಎರಡು: "ಸಾವಿರ ವರ್ಷದ ಅವಮಾನ ನಮ್ಮ ಜೀನಲ್ಲಿ ಬರೆದಿದೆ" ಅಂತ ಬರೀತೀರಿ. 1944-45ರ ಚಳಿಗಾಲದಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಬರ ಬಂದಾಗ ಗರ್ಭದಲ್ಲಿದ್ದ ಮಕ್ಕಳ ಒಂದು ಜೀನಿನ ಮೇಲೆ 60 ವರ್ಷದ ನಂತರವೂ ಗುರುತು ಬೇರೆಯಾಗಿತ್ತು, ನಿಜ. ಹಸಿವು ಮೈಯಲ್ಲಿ ಉಳಿಯುತ್ತೆ. ಆದ್ರೆ ಇಂಥ ಗುರುತುಗಳಲ್ಲಿ ಹೆಚ್ಚಿನವು ಮುಂದಿನ ಪೀಳಿಗೆ ರೂಪುಗೊಳ್ಳುವಾಗ ಅಳಿಸಿ ಹೋಗುತ್ತವೆ. ಸಾವಿರ ವರ್ಷ ಉಳಿಯುತ್ತೆ ಅನ್ನೋಕೆ ಪುರಾವೆ ಇಲ್ಲ. ಹಾಗೆ ಅಂದ್ಕೊಂಡ್ರೆ ಹಣೆಬರಹವನ್ನ ನಾವೇ ಮತ್ತೆ ಒಳಗೆ ಕರೆದ ಹಾಗೆ. ನಮ್ಮ ಅವಮಾನ ಜೀನಿನಲ್ಲಿ ಇಲ್ಲ. ಊರಿನ ಹೋಟೆಲಿನ ಬೇರೆ ಲೋಟದಲ್ಲಿದೆ, ಹಾಸ್ಟೆಲಿನ ನೀರು ಸಾರಿನಲ್ಲಿದೆ, ಸ್ಟಾಫ್ ರೂಮಿನ ಮೆತ್ತನೆ ಮಾತಿನಲ್ಲಿದೆ. ಅಲ್ಲಿದ್ರೆ ತೆಗೆಯಬಹುದು.

ಮೇಷ್ಟ್ರೇ, ನೀವು ಇದನ್ನ ಓದ್ತೀರಿ ಅಂತ ಗೊತ್ತು, ಫ್ರೆಂಡ್ ಲಿಸ್ಟಿನಲ್ಲಿ ಇದ್ದೀರಿ. ನಿಮ್ಮ ಪ್ರಶ್ನೆಗೆ ಉತ್ತರ ಇದು: ನಮ್ಮ ಹುಡುಗ್ರಿಗೆ ಯಾರೂ ಜೀನ್ಸ್ ಕೊಡಬೇಕಾಗಿಲ್ಲ, ಅವು ನಮ್ಮಲ್ಲಿ ಇವೆ. ಕೆರೆ ಕೆಳಗಿನ ಹೊಲ ಯಾರ ಹತ್ತಿರ ಇದೆ ಅಂತ ಮಾತಾಡೋಣ ಬನ್ನಿ, ಟೀ ನಾನೇ ಕೊಡಿಸ್ತೀನಿ.

ಉಳಿದ ಗೆಳೆಯರಲ್ಲಿ ಒಂದೇ ಕೋರಿಕೆ. ಲೈಕ್ ಒತ್ತಿ ಹೋಗಬೇಡಿ. ಈ ವಾರ ನಿಮ್ಮೂರ ಸರ್ಕಾರಿ ಶಾಲೆಗೆ ಮಧ್ಯಾಹ್ನದ ಹೊತ್ತಿಗೆ ಒಮ್ಮೆ ಹೋಗಿ. ಮೊಟ್ಟೆ ನಿಜವಾಗಿ ತಟ್ಟೆಗೆ ಬಿತ್ತಾ, ಎಲ್ಲ ಮಕ್ಕಳೂ ಒಂದೇ ಸಾಲಿನಲ್ಲಿ ಕೂತಿದ್ರಾ, ನೋಡಿ ಬಂದು ಇಲ್ಲಿ ಬರೆಯಿರಿ.

ಜೈ ಭೀಮ್.