ಗ್ರಾಹಕರ ದೂರೇ ತಂತ್ರಾಂಶಕ್ಕೆ ದಿಕ್ಸೂಚಿ

ಲೆಕ್ಕಪತ್ರದ ತಂತ್ರಾಂಶವನ್ನು ಬಳಸದ ಅಂಗಡಿ, ಕಾರ್ಖಾನೆಗಳು ಇಂದು ವಿರಳ. ಅದರ ಬಗ್ಗೆ ಗೊಣಗದ ಗುಮಾಸ್ತರೂ ವಿರಳವೇ. ಆದರೆ ಆ ಗೊಣಗಾಟ ನಮ್ಮ ಕಚೇರಿಯ ಹೊಸ್ತಿಲು ದಾಟಿ ತಯಾರಕರನ್ನು ತಲುಪುವುದು ಅಪರೂಪ. ಇದರಿಂದ ನಷ್ಟ ಉಭಯತರಿಗೂ ಉಂಟು.

ವ್ಯಾಪಾರಿಯ ಅಗತ್ಯದಿಂದಲೇ ಉತ್ತಮ ತಂತ್ರಾಂಶ ಹುಟ್ಟುತ್ತದೆಂಬುದಕ್ಕೆ ಬೆಂಗಳೂರಿನ ಟ್ಯಾಲಿ ನಿದರ್ಶನ. ಜವಳಿ ಗಿರಣಿ ಮೊದಲಾದವುಗಳಿಗೆ ಕಚ್ಚಾ ಸಾಮಗ್ರಿ, ಯಂತ್ರಭಾಗಗಳನ್ನು ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯವಹಾರಕ್ಕೆ ಒಗ್ಗುವ ತಂತ್ರಾಂಶ ದೊರೆಯಲಿಲ್ಲ. ಗಣಿತ ಪದವೀಧರರಾದ ಪುತ್ರ ಭರತ್ ಗೋಯೆಂಕಾ ಅವರಿಗೆ ಆ ಕೆಲಸವನ್ನು ಒಪ್ಪಿಸಿದರು. 1986ರಲ್ಲಿ ಸಂಸ್ಥೆ ಆರಂಭವಾಯಿತು. ಖಾತೆಗಳಿಗೆ ಸಂಕೇತಗಳನ್ನು ನೆನಪಿಡದೆ ಹೆಸರಿನಿಂದಲೇ ನಮೂದಿಸಬಹುದೆಂಬುದು ಆ ತಂತ್ರಾಂಶದ ಹೆಗ್ಗಳಿಕೆಯಾಯಿತು. ಅಲ್ಲಿ ಮೊದಲ ಗ್ರಾಹಕರು ಮನೆಯಲ್ಲೇ ಇದ್ದರು. ಆ ಅನುಕೂಲವಿಲ್ಲದ ತಯಾರಕರು ಗ್ರಾಹಕರಿದ್ದಲ್ಲಿಗೆ ಹೋಗಿ ಕೇಳಬೇಕು.

ಹಾಗೆಂದು ಕೇಳಿದ್ದನ್ನೆಲ್ಲ ಸೇರಿಸುತ್ತ ಹೋಗುವುದೂ ಸಲ್ಲದು. ರೋಗಿ ನೋವನ್ನು ಹೇಳಬಲ್ಲ. ಔಷಧವನ್ನು ವೈದ್ಯನೇ ನಿರ್ಧರಿಸಬೇಕು. ಬಿಡಿಭಾಗಗಳನ್ನು ಜಾಬ್ ವರ್ಕ್‌ಗೆ ಕಳುಹಿಸುವ ಸಣ್ಣ ಉದ್ಯಮಿಯೊಬ್ಬರು ಚಲನ್ ಪಟ್ಟಿಯಲ್ಲಿ ಇನ್ನೊಂದು ಕಾಲಂ ಬೇಕೆನ್ನಬಹುದು. ಅವರ ನಿಜವಾದ ಆತಂಕ ಬೇರೆಯೇ ಇದೆ. 2017ರ ಜುಲೈ 1ರಂದು ಜಾರಿಗೆ ಬಂದ ಜಿಎಸ್‌ಟಿ ಕಾನೂನಿನಂತೆ, ತೆರಿಗೆ ಕಟ್ಟದೆ ಹೀಗೆ ಕಳುಹಿಸಿದ ಸಾಮಗ್ರಿ ಸಾಮಾನ್ಯವಾಗಿ 1 ವರ್ಷದೊಳಗೆ ಮರಳಬೇಕು, ಇಲ್ಲವೇ ಅಲ್ಲಿಂದಲೇ ಗ್ರಾಹಕರಿಗೆ ರವಾನೆಯಾಗಬೇಕು. ತಪ್ಪಿದಲ್ಲಿ, ಕಳುಹಿಸಿದ ದಿನವೇ ಪೂರೈಕೆಯಾಯಿತೆಂದು ಭಾವಿಸಿ ತೆರಿಗೆಯನ್ನೂ ಬಡ್ಡಿಯನ್ನೂ ತೆರಬೇಕಾಗುತ್ತದೆ. ಆದ್ದರಿಂದ ಅವರಿಗೆ ಬೇಕಾದುದು ಕಾಲಂ ಅಲ್ಲ, ಗಡುವಿಗೆ ಮುನ್ನ ಎಚ್ಚರಿಕೆ. "ಏಕೆ ಬೇಕು?" ಎಂದು ವಿಚಾರಿಸದ ತಯಾರಕರು ಕಾಲಂ ಸೇರಿಸಿಕೊಟ್ಟು ಸುಮ್ಮನಾಗುತ್ತಾರೆ, ದಂಡ ತೆರುವವರು ನಾವು.

ನಮ್ಮ ಹೊಣೆಯೂ ಇದೆ. "ಸಾಫ್ಟ್‌ವೇರ್ ಸರಿಯಿಲ್ಲ" ಎಂಬ ದೂರಿನಿಂದ ಯಾರಿಗೂ ಪ್ರಯೋಜನವಿಲ್ಲ. ಯಾವ ಆವೃತ್ತಿ, ಯಾವ ನಮೂದು, ಏನು ನಿರೀಕ್ಷಿಸಿದೆವು, ಏನಾಯಿತು, ಎಷ್ಟು ಹೊತ್ತು ವ್ಯರ್ಥವಾಯಿತು ಎಂಬುದನ್ನು ಬರೆದು ತಿಳಿಸಬೇಕು. ಮಾಲೀಕರಿಗಿಂತ ದಿನವಿಡೀ ಅದರ ಮುಂದೆ ಕೂರುವ ಗುಮಾಸ್ತರ ಮಾತಿಗೆ ಬೆಲೆ ಹೆಚ್ಚು; ಅವರಿಂದಲೇ ಹೇಳಿಸಬೇಕು. ತಯಾರಕರು ಸಹ ಯಾವುದನ್ನು ಸರಿಪಡಿಸಿದೆವು, ಯಾವುದನ್ನು ಏಕೆ ಕೈಬಿಟ್ಟೆವು ಎಂದು ಉತ್ತರಿಸಬೇಕು. ಉತ್ತರ ಬಾರದಿದ್ದರೆ ಎರಡನೆಯ ದೂರನ್ನು ಯಾರೂ ಬರೆಯುವುದಿಲ್ಲ.

ಒಬ್ಬೊಬ್ಬರ ದನಿ ಕ್ಷೀಣ. ಸದಸ್ಯರ ಸಮಾನ ದೂರುಗಳನ್ನು ನಮ್ಮ ವಾಣಿಜ್ಯ ಸಂಸ್ಥೆಯೇ ವರ್ಷಕ್ಕೊಮ್ಮೆ ಕ್ರೋಡೀಕರಿಸಿ, ತಯಾರಕರನ್ನು ಆಹ್ವಾನಿಸಿ ಮುಂದಿಡಲಿ. ವಾರ್ಷಿಕ ಶುಲ್ಕ ಕಟ್ಟುವವರಿಗೆ ಇಷ್ಟನ್ನು ಕೇಳುವ ಹಕ್ಕಿದೆ.