ರಸಮೈತ್ರಿ: ಬಿಳಿಯ ವೈನೂ ಮೇಕೆಹಾಲಿನ ಚೀಸೂ

ಷಡ್ರಸಗಳಲ್ಲಿ ಒಂದೊಂದಕ್ಕೂ ಮಿತ್ರರುಂಟು, ಶತ್ರುಗಳುಂಟು. ನಮ್ಮ ಗೃಹಿಣಿಯರು ಇದನ್ನು ಶಾಸ್ತ್ರವನ್ನೋದದೆಯೇ ಬಲ್ಲರು. ಫ್ರಾನ್ಸ್ ದೇಶದವರು ಇದೇ ವಿಚಾರವನ್ನು ಚೀಸು ಮತ್ತು ವೈನುಗಳ ವಿಷಯದಲ್ಲಿ ಬಹು ಶ್ರದ್ಧೆಯಿಂದ ನಡೆಯಿಸಿರುವರು. ಮಕ್ಕಳು ಆ ಕಡೆಯಲ್ಲಿ ನೆಲಸಿರುವ ಮನೆಗಳಲ್ಲಿ ಈ ಮಾತು ಈಗ ಕಿವಿಗೆ ಬೀಳುವುದು ಅಪೂರ್ವವಲ್ಲ. ಮದ್ಯಪಾನವನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ರಸಗಳು ಹೊಂದುವ ಬಗೆಯನ್ನು ವಾಚಕರೊಡನೆ ವಿಚಾರಿಸುವುದಷ್ಟೇ.

ಮೊದಲು ಪದಾರ್ಥಗಳ ಲಕ್ಷಣವನ್ನು ನೋಡೋಣ. ಚೀಸು ನಮ್ಮ ಗಿಣ್ಣಲ್ಲ. ಗಿಣ್ಣು ಈದ ಹಸುವಿನ ಮೊದಲ ಹಾಲಿನದು. ಚೀಸಾದರೋ ಹಾಲನ್ನು ಹೆಪ್ಪುಗಟ್ಟಿಸಿ, ನೀರನ್ನು ಬಸಿದು, ಉಪ್ಪು ಹಾಕಿ ಪಕ್ವಕ್ಕೆ ಬಿಟ್ಟದ್ದು. ಅದರಲ್ಲಿ ಜಿಡ್ಡೂ ಉಪ್ಪೂ ಪ್ರಧಾನ. ಕೆಂಪು ವೈನನ್ನು ದ್ರಾಕ್ಷಿಯ ಸಿಪ್ಪೆ ಬೀಜಗಳೊಡನೆಯೇ ಹುಳಿಯಿಸುವುದರಿಂದ ಅದಕ್ಕೆ ಒಗರು, ಎಂದರೆ ಕಷಾಯರಸ, ಬರುವುದು. ಬಿಳಿಯದಕ್ಕೆ ಹಣ್ಣನ್ನು ಮೊದಲೇ ಹಿಂಡಿ ರಸವನ್ನು ಮಾತ್ರ ಹುಳಿಯಿಸುವರು. ಅದರಲ್ಲಿ ಒಗರು ಅತ್ಯಲ್ಪ, ಆಮ್ಲವೇ ಮುಂದು. ದ್ರಾಕ್ಷಿಯ ಮುಖ್ಯವಾದ ಹುಳಿಯೂ ನಮ್ಮ ಹುಣಸೆಹಣ್ಣಿನ ಹುಳಿಯೂ ಒಂದೇ, ಟಾರ್ಟಾರಿಕ್ ಆಮ್ಲ. ಎಣ್ಣೆ ಮುಂದಾದ ಗೊಜ್ಜಿನಲ್ಲಿ ಹುಣಸೆಯು ಮಾಡುವ ಕೆಲಸವನ್ನೇ ಚೀಸಿನ ಜಿಡ್ಡಿನ ಮೇಲೆ ಬಿಳಿಯ ವೈನು ಮಾಡುವುದು. ನಾಲಗೆಯನ್ನು ತೊಳೆದು ಮುಂದಿನ ತುತ್ತಿಗೆ ಅಣಿಮಾಡುವುದು. ಎಳೆಯ ಚೀಸಿನ ಉಪ್ಪುಹುಳಿಗೆ ಕೆಂಪು ವೈನಿನ ಒಗರು ಸೇರಿದರೆ ಬಾಯಲ್ಲಿ ಕಹಿ ನಿಲ್ಲುವುದುಂಟು.

ಇದಕ್ಕೆ ಪ್ರಸಿದ್ಧವಾದ ನಿದರ್ಶನವು ಲುವಾರ್ ನದಿಯ ಬಳಿಯ ಸಾನ್ಸೆರ್ ಸೀಮೆಯಲ್ಲಿದೆ. ಅಲ್ಲಿಯ ಶಾವಿನ್ಯೋಲ್ ಎಂಬ ಸಣ್ಣ ಗ್ರಾಮದ ಹೆಸರಿನಲ್ಲಿ ಮೇಕೆಯ ಹಾಲಿನಿಂದ ಅಂಗೈಯೊಳಗೆ ಅಡಗುವಷ್ಟು ಚಿಕ್ಕ ಚೀಸನ್ನು ಮಾಡುವರು. ಕನಿಷ್ಠ ೧೦ ದಿನ ಅದು ಪಕ್ವವಾಗಬೇಕು. ಸುತ್ತಲಿನ ಸುಣ್ಣಕಲ್ಲಿನ ಇಳಿಜಾರುಗಳಲ್ಲಿ ಸೋವಿನ್ಯೋನ್ ಎಂಬ ಬಿಳಿಯ ದ್ರಾಕ್ಷಿಯು ಬೆಳೆಯುವುದು. ಒಂದೇ ಮಣ್ಣಿನಲ್ಲಿ ಹುಟ್ಟಿದವು ಒಂದಕ್ಕೊಂದು ಹೊಂದುವುದು ಸಹಜವೆಂದು ಅನೇಕರು ಹೇಳುವರು.

ಈ ಮಾತು ಎಷ್ಟರಮಟ್ಟಿಗೆ ನಿಜ? ಆ ಗ್ರಾಮದಲ್ಲಿ ಮೇಕೆಗಳು ೧೬ನೆಯ ಶತಮಾನದಿಂದಲೂ ಇವೆ. ಬಿಳಿಯ ದ್ರಾಕ್ಷಿಯ ಪ್ರಾಬಲ್ಯವಾದರೋ ಅಷ್ಟು ಹಳೆಯದಲ್ಲ. ೧೯ನೆಯ ಶತಮಾನದ ಕೊನೆಯಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರ ಎಂಬ ಹೇನು ಬಳ್ಳಿಗಳ ಬೇರನ್ನು ಹೀರಿ ತೋಟಗಳನ್ನು ಹಾಳುಗೆಡಹಿತು. ಅದಕ್ಕೆ ಮುಂಚೆ ಅಲ್ಲಿ ಹೆಚ್ಚಾಗಿದ್ದುದು ಕಪ್ಪು ದ್ರಾಕ್ಷಿ. ಬರಿದಾದ ನೆಲದಲ್ಲಿ ಮೇಕೆಗಳು ಮೇದವು. ಹಾಲೂ ಚೀಸೂ ಸಂಸಾರಗಳ ಕೈಹಿಡಿದುವು. ಅಮೆರಿಕದ ಬಳ್ಳಿಯ ಬೇರಿಗೆ ಕಸಿ ಕಟ್ಟಿ ಪುನಃ ತೋಟವನ್ನೆಬ್ಬಿಸಿದಾಗ ಚೆನ್ನಾಗಿ ಕೂಡಿಕೊಂಡ ಸೋವಿನ್ಯೋನ್ ಬಳ್ಳಿಯು ನೆಲಸಿತು. ವೈನಿಗೆ ೧೯೩೬ರಲ್ಲಿಯೂ ಚೀಸಿಗೆ ೧೯೭೬ರಲ್ಲಿಯೂ ಊರ ಹೆಸರಿನ ಹಕ್ಕನ್ನು ಸರ್ಕಾರವು ಸ್ಥಿರಪಡಿಸಿತು. ಆದುದರಿಂದ ಸನಾತನವೆಂದು ತೋರುವ ಈ ಜೋಡಿಗೆ ಇಂದಿನ ರೂಪವು ಬಂದುದು ಒಂದು ವಿಪತ್ತಿನ ತರುವಾಯ.

ನೆರೆಹೊರೆಯೇ ನಿಯಮವೆಂದರೆ ರೋಕ್‌ಫೋರ್ ಚೀಸಿನ ಗತಿಯೇನು? ಕುರಿಯ ಹಾಲಿನ, ನೀಲಿ ಬೂಷ್ಟಿನ, ಬಹಳ ಉಪ್ಪಾದ ಆ ಚೀಸಿಗೆ ಉತ್ತಮ ಸಂಗಾತಿಯೆನಿಸಿದ ಬಿಳಿಯ ವೈನು ೨೦೦ ಕಿಲೋಮೀಟರಿಗೂ ದೂರದ ಸೋತೆರ್ನ್ ಎಂಬಲ್ಲಿಯದು. ಅಲ್ಲಿಯೂ ಹಣ್ಣಿನ ಮೇಲೆ ಒಂದು ಬಗೆಯ ಬೂಷ್ಟು ಹತ್ತಿ, ನೀರಿಂಗಿ, ಸಕ್ಕರೆಯು ಸಾಂದ್ರವಾಗುವುದು. ಮಧುರಕ್ಕೂ ಲವಣಕ್ಕೂ ಇರುವ ಸ್ನೇಹವೇ ಇವೆರಡನ್ನು ಕೂಡಿಸಿತು, ಊರಲ್ಲ.

ನೆರೆತನವು ಪರಿಚಯವನ್ನು ಮಾಡಿಕೊಡುವುದು. ಸ್ನೇಹವು ಉಳಿಯುವುದು ರಸಗಳ ಗುಣದಿಂದ. ಆದುದರಿಂದ ಎಳೆಯ ಹುಳಿ ಚೀಸಿಗೆ ಚುರುಕಾದ ಬಿಳಿಯ ವೈನೂ, ಬಹಳ ಉಪ್ಪಾದುದಕ್ಕೆ ಸಿಹಿಯಾದುದೂ ಸಲ್ಲುವುವು. ಬಡಿಸುವ ಒಂದು ಗಂಟೆ ಮುಂಚೆ ಚೀಸನ್ನು ತಣ್ಣನೆಯ ಸ್ಥಳದಿಂದ ತೆಗೆದಿಡುವರು. ವೈನನ್ನು ತಂಪಾಗಿಟ್ಟರೂ ಮಂಜಿನಂತೆ ಕೊರೆಯುವಷ್ಟು ಇಡರು, ಪರಿಮಳವು ಏಳದು. ವೈನನ್ನು ಮುಟ್ಟದ ನಮ್ಮಂಥವರಿಗೂ ಇದರಲ್ಲಿ ಗ್ರಾಹ್ಯವಾದುದುಂಟು. ಹಿರಿಯರಿಂದ ಬಂದ ಒಂದು ಅಡುಗೆಯ ಕ್ರಮವನ್ನು ಹಳೆಯದೆಂಬ ಮಾತ್ರಕ್ಕೆ ಪೂಜಿಸಲೂ ಬೇಡ, ಬಿಡಲೂ ಬೇಡ. ಎಲೆಯ ಮುಂದೆ ಕುಳಿತು ನಾಲಗೆಯಿಂದ ಒಮ್ಮೆ ಪರೀಕ್ಷಿಸಿ ನೋಡುವುದು ಮೇಲು.